ಸಾಲದ ಹೊಣೆಗಾರರ ಕಾಲಮಿನಲ್ಲಿ ತಪಾಲಕ್ಕ

ಸಂಖ್ಯೆ: ಇಲಾಖೆ/ಹೊಣೆ/ಯಾರು/೨೬ (ಭಾಗ ೩. ಭಾಗ ೧ ಮತ್ತು ೨ ಸಿಗುತ್ತಿಲ್ಲ)
ದಿನಾಂಕ: ತಿಂಗಳ ಕೊನೆಯ ಕೆಲಸದ ದಿನ

ಸುತ್ತೋಲೆ

ವಿಷಯ: ಸರ್ಕಾರದ ಸಾಲಕ್ಕೆ ತಾವೇ ಹೊಣೆಯೆಂದು ತಪಾಲು ಶಾಖೆಯ ಗುಮಾಸ್ತೆ ತಮ್ಮ ಹೆಸರು ಬರೆದಿರುವ ಬಗ್ಗೆ; ಹಾಗೂ ಇನ್ನು ಮುಂದೆ ಯಾರೂ ಯಾವುದಕ್ಕೂ ಹೊಣೆ ಹೊರದಂತೆ ಎಚ್ಚರ ವಹಿಸುವ ಬಗ್ಗೆ.

ಉಲ್ಲೇಖ:
೧. ಸದನದಲ್ಲಿ ಹನ್ನೊಂದು ದಿನ ನಡೆದ ಚರ್ಚೆ.
೨. ನಮೂನೆ ೧೭, ಕಾಲಂ ೯ (ಹೊಣೆಗಾರರು).
೩. ಸದರಿ ಗುಮಾಸ್ತೆಗೆ ನೀಡಿದ ಕಾರಣ ಕೇಳುವ ನೋಟಿಸು, ಮತ್ತು ಕಾಗದ ದಂಡವಾಗಬಾರದೆಂದು ಅದರ ಬೆನ್ನ ಮೇಲೆಯೇ ಅವರು ಬರೆದುಕೊಟ್ಟ ಉತ್ತರ.
೪. ಮೇಲಿನಿಂದ ದೂರವಾಣಿಯಲ್ಲಿ ಬಂದ ಸೂಚನೆ. ಅಂಥ ಸೂಚನೆ ನೀಡಿಯೇ ಇಲ್ಲವೆಂದು ಅದೇ ದೂರವಾಣಿಯಲ್ಲಿ ಬಂದ ಸ್ಪಷ್ಟನೆ.

ಪ್ರಸ್ತಾವನೆ:

ಸರ್ಕಾರದ ಸಾಲವು ಎರಡು ಲಕ್ಷ ಎಂಬತ್ತು ಸಾವಿರ ಕೋಟಿ ಮುಟ್ಟಿರುವ ಬಗ್ಗೆ ಸದನದಲ್ಲಿ ಹನ್ನೊಂದು ದಿನ ಚರ್ಚೆ ನಡೆದಿರುವುದು ಸರಿಯಷ್ಟೆ. ಆಳುವ ಪಕ್ಷದವರು ಈ ಸಾಲ ಹಿಂದಿನವರದೆಂದೂ, ಹಿಂದಿನವರು ಅದು ತಮಗಿಂತ ಹಿಂದಿನವರದೆಂದೂ ವಾದಿಸಿದ್ದು, ಅವರಿಗಿಂತ ಹಿಂದಿನವರು ಯಾರೆಂದು ಹುಡುಕಿಸಲಾಗಿ, ಈಗ ಆಳುತ್ತಿರುವವರೇ ಎಂದು ತಿಳಿದುಬಂದಿದೆ. ಹೀಗೆ ಚರ್ಚೆ ಗಾಣದೆತ್ತಿನಂತೆ ಸುತ್ತುತ್ತಿರಲಾಗಿ, ಹನ್ನೊಂದನೆಯ ದಿನ ಸಂಜೆ ಹಿಂದಿನ ಬೆಂಚಿನ ಸದಸ್ಯರೊಬ್ಬರು ತೂಕಡಿಕೆಯಿಂದ ಎದ್ದವರೇ, "ಅದೆಲ್ಲ ಹಾಳಾಗ್ಲಿ, ಹೊಣೆ ಯಾರು ಅಂತ ಒಂದು ಹಾಳೇಲಿ ಬರೆದುಕೊಡಿ ನೋಡೋಣ" ಎಂದಿದ್ದಾರೆ. ಸದರಿಯವರಿಗೆ ಸಂಪೂರ್ಣ ಎಚ್ಚರವಾಗಿರಲಿಲ್ಲವೆಂದು ಆಮೇಲೆ ವಿವರಣೆ ಬಂದಿದೆ. ಆದರೆ ಪ್ರಶ್ನೆ ದಾಖಲಾಗಿಹೋಗಿತ್ತು.

ಉತ್ತರಕ್ಕಾಗಿ ನಮೂನೆ ೧೭ನ್ನು ಮೇಲಿನ ಮಹಡಿಯಿಂದ ಕೆಳಕ್ಕೆ ಬಿಡಲಾಯಿತು. ಅದು ಇಪ್ಪತ್ತಾರು ಮೇಜುಗಳನ್ನು ದಾಟಿದೆ. ಮೊದಲನೆಯ ಮೇಜಿನಲ್ಲಿ 'ಸೂಕ್ತ ಕ್ರಮಕ್ಕಾಗಿ' ಎಂದೂ, ಆಮೇಲಿನವುಗಳಲ್ಲಿ 'ನೋಡಿದೆ', 'ಚರ್ಚಿಸಿ', 'ಚರ್ಚಿಸಲಾಯಿತು, ನೋಡಿ', 'ನೋಡಲಾಯಿತು, ಚರ್ಚಿಸಿ' ಎಂದೂ ಬರೆದು ಚಿಕ್ಕ ಸಹಿ ಹಾಕಲಾಗಿದೆ. ಹದಿನೇಳನೆಯ ಮೇಜು ಈ ಸುತ್ತೋಲೆಯನ್ನು ಸಿದ್ಧಪಡಿಸುತ್ತಿರುವ ಅಧೀನ ಕಾರ್ಯದರ್ಶಿಯದು. ಕಾಲಂ ೯ ಮಾತ್ರ ಬಾಣಂತಿ ಕೋಣೆಯಂತೆ ಯಾರೂ ಒಳಗೆ ಕಾಲಿಡದೆ ಉಳಿದುಕೊಂಡು, ಕೊನೆಗೆ ನೆಲಮಹಡಿಯ ತಪಾಲು ಶಾಖೆಗೆ ಬಂದು ಬಿದ್ದಿತು.

ಸದರಿ ಶಾಖೆಯಲ್ಲಿ ಇರುವವರು ಒಬ್ಬರೇ. ಬಂದ ಕಾಗದಕ್ಕೆ ಮುದ್ರೆ ಒತ್ತುವುದು, ಹೋಗುವ ಕಾಗದವನ್ನು ತೂಗಿ, ಅಂಟು ಹಚ್ಚಿ, ನಾಲ್ಕೂವರೆಯ ವ್ಯಾನಿಗೆ ಕೊಡುವುದು ಅವರ ಕೆಲಸ. ಮೂವತ್ತೇಳು ವರ್ಷದಿಂದ ಇದೇ ಕಿಟಕಿಯ ಹಿಂದೆ ಕೂತಿರುವ ಇವರನ್ನು ಕಚೇರಿ ಪೂರ್ತಿ ತಪಾಲಕ್ಕ ಎಂದೇ ಕರೆಯುವುದರಿಂದ, ಈ ಸುತ್ತೋಲೆಯಲ್ಲೂ ಹಾಗೆಯೇ ಕರೆಯಲಾಗಿದೆ. ತಪಾಲು ಶಾಖೆಗೊಂದು ಹಳೆಯ ಪದ್ಧತಿಯಿದೆ. ಕಾಗದ ಯಾರ ಕೈಯಲ್ಲಿದೆಯೋ ಹೊಣೆ ಅವರದು, ಮತ್ತು ಖಾಲಿ ಕಾಲಮಿನ ಕಾಗದ ಬಾಗಿಲು ದಾಟುವಂತಿಲ್ಲ. ಅಂದು ವ್ಯಾನು ಹೊರಡಲು ಎಂಟು ನಿಮಿಷವಿತ್ತು. ತಪಾಲಕ್ಕ ಇಪ್ಪತ್ತಾರು ಮೇಜುಗಳಿಗೂ ಫೋನು ಮಾಡಿದರು. ಒಬ್ಬರು ಸಭೆಯಲ್ಲಿದ್ದರು, ಒಬ್ಬರು ಟೀಗೆ ಹೋಗಿದ್ದರು, ಉಳಿದವರು ಇವೆರಡರ ನಡುವಿನ ಮೆಟ್ಟಿಲಲ್ಲಿದ್ದರು. ಕಾಲಂ ೯ರಲ್ಲಿ ತಪಾಲಕ್ಕ ತಮ್ಮ ಹೆಸರು ಬರೆದು, ಹುದ್ದೆ ಬರೆದು, ಲಕೋಟೆಗೆ ಅಂಟು ಹಚ್ಚಿ ವ್ಯಾನಿಗೆ ಕೊಟ್ಟರು.

ನೋಟಿಸಿಗೆ ಅವರು ಕೊಟ್ಟ ಉತ್ತರ ಯಥಾವತ್ತಾಗಿ ಹೀಗಿದೆ: "ಖಾಲಿ ಕಳಿಸೋಕೆ ಮನಸ್ಸು ಬರ್ಲಿಲ್ಲ ಸಾರ್. ಕಾಗದ ನನ್ನ ಕೈಲಿತ್ತು, ನನ್ನ ಹೆಸರು ಬರೆದೆ. ಬೇರೆಯವ್ರ ಹೆಸರು ಬರೆಯೋಕೆ ನಾನ್ಯಾರು?"

ಆಳಬೇಕಾದವರು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಅಂಟು ಹಚ್ಚುವವರು ಕೇಳಿರುವುದು ಶಿಸ್ತಿನ ಉಲ್ಲಂಘನೆಯಾಗಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಸಂಬಂಧವೇ ಇಲ್ಲವೆನ್ನುವ ಎಲ್ಲರಿಗೂ ಈ ಕೆಳಕಂಡಂತೆ ನಿರ್ದೇಶಿಸಲಾಗಿದೆ.

೧. ಇನ್ನು ಮುಂದೆ 'ಹೊಣೆಗಾರರು' ಎಂಬ ಕಾಲಮಿನಲ್ಲಿ ಉಸಿರಾಡುವ ವ್ಯಕ್ತಿಯ ಹೆಸರನ್ನು ಬರೆಯತಕ್ಕದ್ದಲ್ಲ. ಬರೆಯಬಹುದಾದವು: (ಅ) ಹಿಂದಿನವರು, (ಆ) ಪರಿಸ್ಥಿತಿ, (ಇ) ಪರಿಶೀಲನೆಯಲ್ಲಿದೆ, (ಈ) ಮಳೆ ಅಥವಾ ಮಳೆ ಬಾರದಿರುವುದು. 'ಹಿಂದಿನವರು' ಎಂದು ಬರೆದ ನೌಕರರು ತಕ್ಷಣ ಹಿಂತಿರುಗಿ ನೋಡಬಾರದು. ಹಿಂದೆ ಕೂತ ಸಹೋದ್ಯೋಗಿಗಳು ಗಾಬರಿಯಾಗಿ ನೀರಿನ ಲೋಟ ಕೆಡವಿದ ಮೂರು ಪ್ರಕರಣಗಳು ವರದಿಯಾಗಿವೆ.

೨. ತಪಾಲಕ್ಕನ ಹೆಸರನ್ನು ಸದನದಲ್ಲಿ ಓದಿದ ಮೇಲೆ ಅಲ್ಲಿ ನಾಲ್ಕು ನಿಮಿಷ ಮೌನ ಉಂಟಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಬೈಯಲು ಹಿಂದಿನವರು ಸಿಗದೆ ಆಳುವ ಪಕ್ಷದವರೂ, ರಾಜೀನಾಮೆ ಕೇಳಲು ಮಂತ್ರಿ ಸಿಗದೆ ಎದುರು ಪಕ್ಷದವರೂ ಬಾಯಿ ತೆರೆದುಕೊಂಡೇ ಕೂತಿದ್ದರು. ಕೊನೆಗೆ ಒಬ್ಬರಿಗೆ ಹೊಳೆದು, ಈಕೆಯನ್ನು ಕೆಲಸಕ್ಕೆ ತೆಗೆದುಕೊಂಡವರು ಯಾರೆಂದು ಕೇಳಿದ್ದಾರೆ. ಕೆಲಸ ಕೊಟ್ಟದ್ದು ಒಂದು ಪಕ್ಷದ ಕಾಲದಲ್ಲಿ, ಕಾಯಂ ಮಾಡಿದ್ದು ಇನ್ನೊಂದರ ಕಾಲದಲ್ಲಿ ಎಂದು ತಿಳಿದ ಕೂಡಲೇ ಸದನವನ್ನು ಮುಂದೂಡಲಾಗಿದೆ. ಇಂಥ ಮೌನ ಮರುಕಳಿಸಿದರೆ ಸದಸ್ಯರು ಹಳೆಯ ಭಾಷಣಗಳನ್ನೇ ಪುನಃ ಓದಬಹುದು. ಯಾರಿಗೂ ಗೊತ್ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ.

೩. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಆಯವ್ಯಯದ ಸಭೆಗಳಲ್ಲಿ ಬಳಸಬಾರದು. ಹಾಸಿಗೆಯ ನಿಖರ ಉದ್ದ ತಿಳಿಯಲು ಏಳು ಜನರ ಸಮಿತಿಯನ್ನು ರಚಿಸಲಾಗಿದ್ದು, ಸಮಿತಿಯು ಮೊದಲ ಸಭೆಯಲ್ಲಿ ಕಾಲಿನ ಉದ್ದವನ್ನಷ್ಟೇ ಅಳೆದು, ಏಳು ಜನರಿಗೂ ಸಾಲದೆಂದು ಹೊಸ ಹಾಸಿಗೆಗೆ ಶಿಫಾರಸು ಮಾಡಿದೆ. 'ಮಾಡಿದ್ದುಣ್ಣೋ ಮಹಾರಾಯ' ಎಂಬುದನ್ನು ಪಟ್ಟಿಯಿಂದಲೇ ತೆಗೆಯಲಾಗಿದೆ. ಮಾಡಿದವರು ಒಬ್ಬರು, ಉಣ್ಣುವವರು ಇನ್ನೊಬ್ಬರು ಆಗಿರುವುದೇ ಈಗಿನ ಪದ್ಧತಿ.

೪. ಹೊಣೆ ಹೊತ್ತ ವ್ಯಕ್ತಿಯೊಬ್ಬರು ನೆಲಮಹಡಿಯಲ್ಲಿ ಸಿಗುತ್ತಾರೆಂಬ ಸುದ್ದಿ ಹರಡಿ, ಸಾರ್ವಜನಿಕರು ಅವರನ್ನು ನೋಡಲು ಸಾಲುಗಟ್ಟಿರುವುದು ಗಮನಕ್ಕೆ ಬಂದಿದೆ. ನೋಡಲು ಬರುವವರು ಒಬ್ಬರಿಗೆ ಒಂದರಂತೆ ದೂರು ಹೇಳಬಹುದು. ಮಕ್ಕಳನ್ನು ಎತ್ತಿ ತೋರಿಸಿ "ನೋಡು ಪುಟ್ಟಾ, ಇವರೇ ಕಣೋ" ಎನ್ನಬಾರದು. "ಪಾಪ" ಎಂದು ಲೊಚಗುಟ್ಟಬಾರದು. ಪಾಪ ಎಂಬುದು ಇಲಾಖೆಯ ನಿಲುವಲ್ಲ. ಬಸ್ ಕಂಡಕ್ಟರೊಬ್ಬರು ಕಿಟಕಿಗೆ ಮುಖ ಹಚ್ಚಿ, "ಬಸ್ಸಲ್ಲಿ ಯಾರದ್ದೇ ತಪ್ಪಿರ್ಲಿ, ಬೈಸ್ಕೊಳ್ಳೋನು ನಾನೇ ಅಕ್ಕಾ. ನಿಮ್ ಕಷ್ಟ ನಂಗೊತ್ತು" ಎಂದು ಹೇಳಿ ಸಾಲಿನ ವೇಗವನ್ನು ಕುಂಠಿತಗೊಳಿಸಿದ್ದಾರೆ. ಇಂಥ ಸಹಾನುಭೂತಿಯನ್ನು ಮೂರು ಪ್ರತಿಗಳಲ್ಲಿ ಬರೆದು ಸಲ್ಲಿಸತಕ್ಕದ್ದು.

೫. ಹಿಟ್ಟಿನ ಗಿರಣಿ ನಡೆಸುವ ಅಜ್ಜಿಯೊಬ್ಬರು (ಮುಂದೆ 'ಗಿರಣಿ ಅಜ್ಜಿ') ಸಾಲಕ್ಕೆ ತಮ್ಮದೂ ಇರಲೆಂದು ಹತ್ತರ ನೋಟು ಕೊಟ್ಟು ರಸೀದಿ ಕೇಳಿದ್ದು, ತಪಾಲಕ್ಕ ರಸೀದಿ ಕೊಟ್ಟಿದ್ದಾರೆ. ಇದರಿಂದ ಸಾಲ ಹತ್ತು ಕಡಿಮೆಯಾಗಿ, ಅಚ್ಚಾಗಿದ್ದ ಆಯವ್ಯಯ ಪುಸ್ತಕದ ಕೊನೆಯ ಅಂಕಿಗಳೆಲ್ಲ ತಪ್ಪಾಗಿವೆ. ಪುಸ್ತಕವನ್ನು ಮರುಮುದ್ರಿಸಲು ಹದಿನೆಂಟು ಲಕ್ಷ ಸಾಲ ಎತ್ತಲಾಗಿದೆ. ಸಾರ್ವಜನಿಕರು ಇನ್ನು ಮುಂದೆ ಸಾಲ ತೀರಿಸಿ ಸರ್ಕಾರವನ್ನು ಸಾಲಕ್ಕೆ ತಳ್ಳಬಾರದೆಂದು ಕೋರಲಾಗಿದೆ.

೬. ಹೊಣೆ ಹೊರುವ ಕ್ರಮ ಬೇರೆ ಕಡೆ ಹೇಗಿದೆಯೆಂದು ನೋಡಿ ಬರಲು ನಾಲ್ವರು ಹಿರಿಯ ಅಧಿಕಾರಿಗಳ ತಂಡವನ್ನು ಸಮುದ್ರದಾಚೆಗೆ ಕಳುಹಿಸಲಾಗಿತ್ತು. ತಂಡವು ಹಿಂದಿರುಗಿ, ಅಲ್ಲಿ ಹವೆ ಚೆನ್ನಾಗಿತ್ತೆಂದು ವರದಿ ಸಲ್ಲಿಸಿದೆ. ಖರ್ಚನ್ನು ತಪಾಲಕ್ಕನ ಹೆಸರಿಗೆ ಸೇರಿಸಲಾಗಿದೆ.

೭. ತಪಾಲಕ್ಕ ಇಂದು ಸಂಜೆ ನಿವೃತ್ತರಾಗಬೇಕಿದೆ. ಆದರೆ ಅವರ ಹೆಸರಿನ ಮುಂದೆ ಎರಡು ಲಕ್ಷ ಎಂಬತ್ತು ಸಾವಿರ ಕೋಟಿ ನಿಂತಿರುವುದರಿಂದ 'ಬಾಕಿ ಇಲ್ಲ' ಪ್ರಮಾಣಪತ್ರ ಕೊಡಲು ಬರುವುದಿಲ್ಲ. ಪ್ರಮಾಣಪತ್ರವಿಲ್ಲದೆ ನಿವೃತ್ತಿಯ ಹಣ ಬರುವುದಿಲ್ಲ. ನಿಯಮದಂತೆ ಪಿಂಚಣಿಯ ಮೂರನೆಯ ಒಂದು ಭಾಗವನ್ನು, ಅಂದರೆ ತಿಂಗಳಿಗೆ ಎಂಟು ಸಾವಿರವನ್ನು ಹಿಡಿದುಕೊಂಡರೆ, ಬಡ್ಡಿ ಬಿಟ್ಟು ಅಸಲು ತೀರಲು ಎರಡು ಕೋಟಿ ತೊಂಬತ್ತೊಂದು ಲಕ್ಷ ಅರವತ್ತಾರು ಸಾವಿರದ ಆರುನೂರ ಅರವತ್ತಾರು ವರ್ಷ, ಎಂಟು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ಸದರಿಯವರು ವರ್ಷಕ್ಕೊಮ್ಮೆ ಖುದ್ದಾಗಿ ಬಂದು, ತಾವು ಬದುಕಿರುವ ಬಗ್ಗೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಕೊನೆಯ ಎಂಟು ತಿಂಗಳ ಮಟ್ಟಿಗೆ ವಿನಾಯಿತಿ ನೀಡುವ ಬಗ್ಗೆ ಆಗ ಪರಿಶೀಲಿಸಲಾಗುವುದು.

ಇದರಿಂದ ಸದರಿಯವರಿಗೆ ಆಗುವ ತೊಂದರೆಯನ್ನು ದಾಖಲಿಸುವ ಪದ್ಧತಿ ಇಲಾಖೆಯಲ್ಲಿಲ್ಲ. ಆದರೂ ಅಧೀನ ಕಾರ್ಯದರ್ಶಿಯು ಊಟದ ಹೊತ್ತಿನಲ್ಲಿ ಕೆಳಗಿಳಿದು ವಿಚಾರಿಸಿದ್ದರಿಂದ ಇಲ್ಲಿ ದಾಖಲಿಸಲಾಗಿದೆ. ತಪಾಲಕ್ಕ ಮತ್ತು ಅವರ ತಂಗಿ ಇಪ್ಪತ್ತೆರಡು ವರ್ಷದಿಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ತಂಗಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಮಾಲೀಕರು ಆ ಮನೆಯನ್ನು ಅವರಿಗೇ ಮಾರಲು ಒಪ್ಪಿ, ನಿವೃತ್ತಿಯ ಹಣಕ್ಕಾಗಿ ಇಂದಿನವರೆಗೆ ಕಾದಿದ್ದಾರೆ. ಇಂದು ಪ್ರಮಾಣಪತ್ರವನ್ನಾದರೂ ತೋರಿಸದಿದ್ದರೆ ನಾಳೆ ಬೇರೆಯವರಿಗೆ ಕೊಡುತ್ತಾರೆ. ಅಕ್ಕನಿಗೆ ಬುತ್ತಿ ತಂದಿದ್ದ ತಂಗಿಯು ವಿಚಾರಣೆಯಲ್ಲಿ, "ಮನೇಲಿ ಹಾಲಿನ ಲೆಕ್ಕಾನೂ ನಾನೇ ನೋಡೋದು ಸ್ವಾಮಿ. ಪಕ್ಕದ ಮನೇಲಿ ಒಂದು ಲೋಟ ಸಕ್ಕರೆ ಕೇಳೋಕೆ ನಾಚ್ಕೊಳ್ಳೋಳು ನಮ್ಮಕ್ಕ. ಅಷ್ಟು ಕೋಟಿ ಸಾಲ ಮಾಡೋ ಧೈರ್ಯ ಇವಳಿಗೆಲ್ಲಿಂದ ಬರ್ಬೇಕು?" ಎಂದು ಹೇಳಿಕೆ ನೀಡಿದ್ದಾರೆ. ತಪಾಲಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಕೋಟಿ ನನಗೆ ಅರ್ಥ ಆಗಲ್ಲ ಸಾರ್, ಅದಕ್ಕೆ ಭಯಾನೂ ಇಲ್ಲ. ಮೂವತ್ತೇಳು ವರ್ಷ ಇವರ ಕಾಗದಕ್ಕೆಲ್ಲ ಮುದ್ರೆ ಒತ್ತಿದೀನಿ. ಈಗ ನನ್ನ ಕಿಟಕಿ ಮುಂದೆ ಬಂದ್ರೆ ಆಚೆ ಗೋಡೆ ನೋಡ್ಕೊಂಡು ಹೋಗ್ತಾರೆ. ಅದೊಂದು ತಡ್ಕೊಳ್ಳೋಕೆ ಆಗಲ್ಲ" ಎಂದರು. ಗೋಡೆ ನೋಡಿಕೊಂಡು ಹೋದವರಲ್ಲಿ ಅಧೀನ ಕಾರ್ಯದರ್ಶಿಯೂ ಒಬ್ಬರು ಎಂಬುದನ್ನು ವಿಷಾದದಿಂದ ನಮೂದಿಸಲಾಗಿದೆ.

೮. ತಪಾಲಕ್ಕನನ್ನು ಬಿಡುಗಡೆ ಮಾಡಲು ನಿಯಮದಲ್ಲಿ ಒಂದೇ ದಾರಿಯಿದೆ. ಇನ್ನೊಬ್ಬರು ಯಾರಾದರೂ ನಮೂನೆ ೨೩ರಲ್ಲಿ ಸಹಿ ಮಾಡಿ, ಆ ಹೊಣೆಯನ್ನು ಅವರಿಂದ ವಹಿಸಿಕೊಳ್ಳಬೇಕು. ಈ ಬಗ್ಗೆ ಇಂದು ಬೆಳಿಗ್ಗೆ ಹತ್ತೂವರೆಗೆ ಎಲ್ಲ ಮೇಜುಗಳಿಗೂ ಪತ್ರ ಬರೆಯಲಾಗಿ, ಹನ್ನೊಂದರೊಳಗೆ ಇಪ್ಪತ್ತೈದು ರಜೆ ಅರ್ಜಿಗಳು ಬಂದಿವೆ. ಇವರಲ್ಲಿ ಹದಿನಾಲ್ಕು ಮಂದಿಗೆ ಸೊಂಟ ಹಿಡಿದಿದೆ. ಹೊರೆ ಎತ್ತುವ ಮೊದಲೇ ಸೊಂಟ ಹಿಡಿದಿರುವುದನ್ನು ಇಲಾಖೆಯ ವೈದ್ಯರು ಅಪರೂಪದ ಪ್ರಕರಣವೆಂದು ಪ್ರಮಾಣೀಕರಿಸಿ, ತಾವೂ ರಜೆ ಹಾಕಿದ್ದಾರೆ. ಅರ್ಜಿಗಳೆಲ್ಲ ತಪಾಲು ಶಾಖೆಯ ಮೂಲಕವೇ ಬಂದಿದ್ದು, ತಪಾಲಕ್ಕ ಒಂದೊಂದನ್ನೂ ಓದಿ, ತಾರೀಖು ನೋಡಿ, ಸೊಟ್ಟಗಾಗದಂತೆ ಮುದ್ರೆ ಒತ್ತಿ ಮೇಲೆ ಕಳುಹಿಸಿದ್ದಾರೆ. ಅಧೀನ ಕಾರ್ಯದರ್ಶಿಯು ರಜೆ ಹಾಕಿಲ್ಲ. ಅವರ ಖಾತೆಯಲ್ಲಿ ರಜೆ ಉಳಿದಿಲ್ಲ. ಇದರಲ್ಲಿ ಬೇರಾವ ದೊಡ್ಡಸ್ತಿಕೆಯೂ ಇಲ್ಲ.

೯. (ಈ ಕಂಡಿಕೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಸೇರಿಸಲಾಗಿದೆ.) ಎರಡೂವರೆಗೆ ಗಿರಣಿ ಅಜ್ಜಿ ಮತ್ತೆ ಕಿಟಕಿಗೆ ಬಂದು, ತಪಾಲಕ್ಕನ ಮುಖ ಬಾಡಿರುವ ಕಾರಣ ವಿಚಾರಿಸಿದ್ದಾರೆ. ಆಮೇಲಿನ ಮಾತುಕತೆ ಕಾವಲುಗಾರರ ವರದಿಯಂತೆ ಹೀಗಿದೆ.

"ಅಂದ್ರೆ, ಯಾರಾದ್ರೂ ಒಬ್ರು ಸೈನ್ ಹಾಕಿದ್ರೆ ನೀನು ಮನೆಗೆ ಹೋಗ್ಬೋದು?"

"ಹೂಂ ಅಜ್ಜಿ. ಆದ್ರೆ ಯಾರು ಹಾಕ್ತಾರೆ? ಬೆಂಕಿ ಅಂತ ಗೊತ್ತಿದ್ದೂ ಯಾರು ಕೈ ಇಡ್ತಾರೆ?"

"ಕೊಡಿಲ್ಲಿ ಪೆನ್ನು. ಹೆಂಗಿದ್ರೂ ಕಟ್ಟೋರು ನಾವೇ ತಾನೆ? ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟಿ ತಗೊಂಡು ಬಂದಿದೀನಿ, ಇನ್ಯಾವ ಬೆಂಕಿಗೆ ಹೆದರ್ಲಿ?"

"ಬೇಡ ಅಜ್ಜಿ. ನಿಮ್ಮ ತಲೆ ಮೇಲೆ ಹಾಕಿ ನಾನು ಹೆಂಗೆ ನಿದ್ದೆ ಮಾಡ್ಲಿ?"

"ನಂದು ಒಂದೇ ತಲೇನಾ? ನನ್ನ ಹಿಂದೆ ನೋಡು, ಎಷ್ಟು ತಲೆ ಇವೆ."

ತಪಾಲಕ್ಕ ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿ, ನಮೂನೆ ೨೩ನ್ನು ಕಿಟಕಿಯಿಂದ ಆಚೆ ಚಾಚಿದ್ದಾರೆ. ಗಿರಣಿ ಅಜ್ಜಿ ಸಹಿ ಮಾಡಿದ್ದಾರೆ. ಅವರ ಹಿಂದೆ ಕಂಡಕ್ಟರು, ಆಮೇಲೆ ಒಬ್ಬ ಬಡಗಿ, ಒಬ್ಬ ನರ್ಸು, ಗಂಡ ಹೆಂಡತಿ ಇಬ್ಬರೂ ಒಂದೇ ಪೆನ್ನಿಗೆ ಕಿತ್ತಾಡಿಕೊಂಡು, ಹೀಗೆ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಸಹಿ ಮಾಡಿದ್ದಾರೆ. ನಾಲ್ಕು ಗಂಟೆಯ ಹೊತ್ತಿಗೆ ಸಹಿಗಳ ಸಂಖ್ಯೆ ನಾನೂರ ಹನ್ನೆರಡು. (ಮೂರು ಗಂಟೆಗೆ ಬರೆದಿದ್ದ ಅಂಕಿಯನ್ನು ಆಮೇಲೆ ಹೀಗೆ ತಿದ್ದಲಾಗಿದೆ.) ತಪಾಲಕ್ಕ ಪ್ರತಿ ಸಹಿಯ ಮುಂದೆ ಕ್ರಮ ಸಂಖ್ಯೆ ಹಾಕುತ್ತಾ ಅತ್ತಿದ್ದಾರೆಂದು ಕಾವಲುಗಾರರು ವರದಿಯಲ್ಲಿ ಬರೆದು, ಅದನ್ನು ಹೊಡೆದುಹಾಕಿ, ಮತ್ತೆ ಬರೆದಿದ್ದಾರೆ.

೧೦. ನಮೂನೆ ೨೩ಕ್ಕೆ ನೌಕರರೇ ಸಹಿ ಮಾಡಬೇಕೆಂಬ ನಿಯಮವಿದೆಯೇ ಎಂದು ಮೂರು ಬಾರಿ ಹುಡುಕಲಾಗಿ, ಇಲ್ಲವೆಂದು ಕಂಡುಬಂದಿದೆ. ಹೊಣೆಯನ್ನು ಬೇಡಿ ಪಡೆಯುವವರು ಹೊರಗಿನಿಂದ ಬಂದಾರೆಂದು ನಿಯಮ ಬರೆದವರಿಗೆ ಕನಸೂ ಬಿದ್ದಿರಲಿಲ್ಲ. ಇನ್ನೂ ಕಳವಳದ ಸಂಗತಿಯೆಂದರೆ, ಅದೇ ನಮೂನೆಯ ಕೊನೆಯ ಸಾಲಿನಂತೆ, ಹೊಣೆ ವಹಿಸಿಕೊಂಡವರಿಗೆ ಅದಕ್ಕೆ ಸಂಬಂಧಿಸಿದ ಕಡತ, ಬಿಲ್ಲು ಮತ್ತು ಬೀಗದಕೈಗಳನ್ನು ಒಪ್ಪಿಸತಕ್ಕದ್ದು. ಗಿರಣಿ ಅಜ್ಜಿ ಆ ಸಾಲನ್ನು ಓದಿಸಿ ಕೇಳಿಕೊಂಡು, "ಸರಿ, ಸಾಲ ನಮ್ದಾಯ್ತು. ಆ ದುಡ್ಡಲ್ಲಿ ಏನೇನು ತಗೊಂಡ್ರಿ ತೋರ್ಸಿ" ಎಂದಿದ್ದಾರೆ. ದಾಖಲೆ ಕೋಣೆಯ ಬೀಗ ತೆರೆದು ಕೊಡಲಾಗಿದೆ. ಈಗ ನಾನೂರ ಹನ್ನೆರಡು ಮಂದಿ ಪಡಸಾಲೆಯಲ್ಲಿ ಸಾಲಾಗಿ ಕೂತು, ಬಿಲ್ಲುಗಳನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆ. ಸೇತುವೆಯಿಲ್ಲದ ಕಡೆ ಸೇತುವೆಗೆ ಎರಡು ಸಲ ಬಣ್ಣ ಬಳಿದ ಬಿಲ್ಲನ್ನು ಬಡಗಿ ಓದಿದಾಗ ಎದ್ದ ನಗು ಮೇಲಿನ ಮಹಡಿಗೂ ಕೇಳಿಸಿದೆ. ನಗು ನಿಂತ ಮೇಲೆ ಯಾರೂ ಎದ್ದು ಹೋಗದೆ, ಮುಂದಿನ ಬಿಲ್ಲು ತೆಗೆದಿರುವುದು ಹೆಚ್ಚು ಆತಂಕಕಾರಿ.

೧೧. ಸಂಜೆ ನಾಲ್ಕು ಹತ್ತಕ್ಕೆ ಎರಡೂ ಪಕ್ಷಗಳಿಂದ, ಹನ್ನೊಂದು ದಿನದ ಆ ಚರ್ಚೆ ಶುರುವಾದ ಮೇಲೆ ಮೊದಲ ಬಾರಿಗೆ, ಒಂದೇ ಮಾತು ಬಂದಿದೆ. ಅದರಂತೆ, ಸಾರ್ವಜನಿಕರು ಸರ್ಕಾರದ ಸಾಲಕ್ಕೆ ಹೊಣೆ ಹೊರುವುದನ್ನೂ, ಹೊಣೆ ಹೊತ್ತ ನೆಪದಲ್ಲಿ ಬಿಲ್ಲು ಓದುವುದನ್ನೂ, ಓದಿ ನಗುವುದನ್ನೂ ಈ ಮೂಲಕ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಈ ನಿಷೇಧವು, ಎಲ್ಲ ಸುತ್ತೋಲೆಗಳಂತೆ, ತಪಾಲಿಗೆ ಹಾಕಿದ ದಿನದಿಂದ ಜಾರಿಗೆ ಬರತಕ್ಕದ್ದು.

೧೨. ನಮೂನೆ ೨೩ ಕ್ರಮಬದ್ಧವಾಗಿರುವುದರಿಂದ ತಪಾಲಕ್ಕನನ್ನು ನಾಲ್ಕು ಐವತ್ತಕ್ಕೆ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ. ಸರ್ಕಾರದ ಖರ್ಚು ತಗ್ಗಿಸುವ ಆದೇಶದ ಪ್ರಕಾರ, ಅವರಿಂದ ತೆರವಾದ ಹುದ್ದೆಯನ್ನು ನಾಲ್ಕು ಐವತ್ತೊಂದಕ್ಕೆ ರದ್ದುಪಡಿಸಲಾಗಿದೆ. ಇನ್ನು ಮುಂದೆ ಇಲಾಖೆಯ ಕಾಗದಗಳನ್ನು ತಪಾಲಿಗೆ ಹಾಕುವವರು ಯಾರೆಂಬ ಬಗ್ಗೆ ಸಮಿತಿ ರಚಿಸಲು ಉದ್ದೇಶಿಸಲಾಗಿದೆ.

ಮೇಲಿನ ಅಧಿಕಾರಿಗಳೆಲ್ಲ ರಜೆಯಲ್ಲಿರುವುದರಿಂದ, ಅವರ ಪರವಾಗಿಯೂ ತನ್ನ ಪರವಾಗಿಯೂ,

(ಸಹಿ)
ಅಧೀನ ಕಾರ್ಯದರ್ಶಿ
(ನಮೂನೆ ೨೩ರಲ್ಲಿ ಕ್ರಮ ಸಂಖ್ಯೆ ೪೧೩)

ಪ್ರತಿಗಳು:
೧. ಸದನದ ಆಳುವ ಪಕ್ಷದ ನಾಯಕರಿಗೆ, ಜಾರಿಗಾಗಿ. ತಪಾಲಿನ ಮೂಲಕ.
೨. ಎದುರು ಪಕ್ಷದ ನಾಯಕರಿಗೆ, ಅದೇ ಕಾರಣಕ್ಕಾಗಿ. ತಪಾಲಿನ ಮೂಲಕ.
೩. ಪ್ರಶ್ನೆ ಕೇಳಿದ ಸದಸ್ಯರಿಗೆ, ಎಚ್ಚರವಿದ್ದಲ್ಲಿ. ತಪಾಲಿನ ಮೂಲಕ.
೪. ಸೊಂಟ ಹಿಡಿದ ಹದಿನಾಲ್ಕು ಅಧಿಕಾರಿಗಳಿಗೆ, ಶೀಘ್ರ ಗುಣಮುಖರಾಗಲೆಂಬ ಹಾರೈಕೆಯೊಂದಿಗೆ. ತಪಾಲಿನ ಮೂಲಕ.
೫. ಪಡಸಾಲೆಯಲ್ಲಿ ಬಿಲ್ಲು ಓದುತ್ತಿರುವ ನಾನೂರ ಹನ್ನೆರಡು ಮಂದಿಗೆ, ನಿಷೇಧದ ಮಾಹಿತಿಗಾಗಿ. ಪಡಸಾಲೆ ಹತ್ತು ಹೆಜ್ಜೆ ದೂರದಲ್ಲಿದ್ದರೂ, ನಿಯಮದಂತೆ ತಪಾಲಿನ ಮೂಲಕವೇ.
೬. ತಪಾಲು ಶಾಖೆಯ ಮಾಜಿ ಗುಮಾಸ್ತೆಗೆ, 'ಬಾಕಿ ಇಲ್ಲ' ಪ್ರಮಾಣಪತ್ರದೊಂದಿಗೆ. ಮನೆಯ ಮಾಲೀಕರು ಬಾಗಿಲು ಹಾಕುವ ಮುನ್ನ ಅಧೀನ ಕಾರ್ಯದರ್ಶಿಯು ಖುದ್ದಾಗಿ, ಓಡಿಕೊಂಡು ಹೋಗಿ ತಲುಪಿಸತಕ್ಕದ್ದು.